ಮಾನಿಟರ್‌ನಿಂದ ಶುರು ಮಾಡಿ: ಗೇಮಿಂಗ್ ಪಿಸಿಗೆ ಯಾವುದನ್ನು ಬಿಟ್ಟು ಯಾವುದನ್ನು ಕೊಳ್ಳಬೇಕು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪ್ಯೂಟರ್ ಅಂಗಡಿ ಮುಂದೆ ನಿಂತು "ಗೇಮಿಂಗ್ ಪಿಸಿ ಬೇಕು" ಅಂದರೆ ಮೊದಲು ಬರುವ ಪ್ರಶ್ನೆ ಸಾಮಾನ್ಯವಾಗಿ ಇದು: "ಐ5 ಹಾಕ್ಲಾ, ಐ7 ಹಾಕ್ಲಾ ಸರ್?" ಅಂದರೆ ಇಂಟೆಲ್ ಕಂಪನಿಯ ಯಾವ ಪ್ರೊಸೆಸರ್ ಅಂತ. ನಾವೂ ಅಲ್ಲಿಂದಲೇ ಲೆಕ್ಕ ಶುರು ಮಾಡುತ್ತೇವೆ. ಪ್ರೊಸೆಸರ್‌ಗೆ ಒಂದಿಷ್ಟು, ಅದಕ್ಕೆ ತಕ್ಕ ಮದರ್‌ಬೋರ್ಡ್‌ಗೆ ಒಂದಿಷ್ಟು, ಲೈಟ್ ಇರುವ ಗಾಜಿನ ಕ್ಯಾಬಿನೆಟ್‌ಗೆ ಒಂದಿಷ್ಟು. ಗ್ರಾಫಿಕ್ಸ್ ಕಾರ್ಡ್‌ಗೆ ಕೊನೆಯಲ್ಲಿ ಉಳಿದಷ್ಟು. ಮಾನಿಟರ್ ಮನೆಯಲ್ಲಿರುವ ಹಳೆಯದೇ ಸಾಕು ಅಂದುಕೊಳ್ಳುತ್ತೇವೆ.

ಕಳೆದ ವರ್ಷ ಆಗಸ್ಟ್‌ನಲ್ಲಿ ಚಿಕ್ಕಮ್ಮನ ಮಗ ಹಾಸನದಿಂದ ಬಂದಾಗ ಅವನ ಕೈಯಲ್ಲಿದ್ದ ಕೊಟೇಶನ್ ಚೀಟಿಯೂ ಹೀಗೇ ಇತ್ತು. ಬಜೆಟ್ ಒಂದು ಲಕ್ಷದ ಆಸುಪಾಸು. ಮೇಲಿನ ಸಾಲಿನಲ್ಲಿ 14ನೇ ಜನರೇಶನ್ ಐ7. ನಾಲ್ಕನೇ ಸಾಲಿನಲ್ಲಿ ಆರ್‌ಟಿಎಕ್ಸ್ 3050, ಅದೂ 6 ಜಿಬಿಯದ್ದು. ಕೊನೆಯಲ್ಲಿ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಮಾತ್ರ ಇತ್ತು. ಎಸ್‌ಎಂಪಿಎಸ್ ಅಂದರೆ ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ. ಕಂಪನಿ ಹೆಸರಿಲ್ಲ, ಎಷ್ಟು ವ್ಯಾಟ್ ಅಂತಲೂ ಇಲ್ಲ. ಆ ಐ7 ಪ್ರೊಸೆಸರ್ ಆ ಕಾರ್ಡ್ ಜೊತೆ ಇದ್ದರೆ ದಿನವಿಡೀ ಕೆಲಸವಿಲ್ಲದೆ ಕೂತಿರುತ್ತದೆ. ಆಟ ಮಾತ್ರ ತಡವರಿಸುತ್ತದೆ.

ಚೀಟಿ ತಿರುಗಿಸಿ ಹಿಂದುಗಡೆ ಉಲ್ಟಾ ಕ್ರಮದಲ್ಲಿ ಬರೆದೆವು. ಮೊದಲು ಮಾನಿಟರ್. ಆಮೇಲೆ ಆ ಮಾನಿಟರ್ ತುಂಬಿಸಬಲ್ಲ ಗ್ರಾಫಿಕ್ಸ್ ಕಾರ್ಡ್. ಆಮೇಲೆ ಆ ಕಾರ್ಡಿಗೆ ಸಾಲುವಷ್ಟು ಪ್ರೊಸೆಸರ್. ಎಸ್‌ಎಂಪಿಎಸ್‌ಗೆ ಮೊದಲೇ ದುಡ್ಡು ಎತ್ತಿಟ್ಟೆವು, ಅದನ್ನು ಮುಟ್ಟುವ ಹಾಗಿಲ್ಲ ಅಂತ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಮಾನಿಟರ್: 1080ಪಿ, 1440ಪಿ, 4ಕೆ

1080ಪಿ ಮಾನಿಟರ್‌ನಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆಯಲ್ಲಿ ಸುಮಾರು 83 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಗ್ರಾಫಿಕ್ಸ್ ಕಾರ್ಡ್ ಪ್ರತಿ ಫ್ರೇಮ್‌ನಲ್ಲೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರದಲ್ಲೂ, ಈ ಅಷ್ಟೂ ಚುಕ್ಕಿಗೆ ಬಣ್ಣ ತುಂಬಬೇಕು. ಹಾಗಾಗಿ ಮಾನಿಟರ್ ಆರಿಸಿದ ಕೂಡಲೇ ಕಾರ್ಡ್‌ನ ಅರ್ಧ ತೀರ್ಮಾನ ಆದ ಹಾಗೆ.

ಇನ್ನೊಂದು ಸಂಖ್ಯೆ ಹರ್ಟ್ಜ್. 60 ಹರ್ಟ್ಜ್ ಮಾನಿಟರ್ 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ಬದಲಿಸುತ್ತದೆ. 144 ಹರ್ಟ್ಜ್‌ನದ್ದು 6.9 ಮಿಲಿಸೆಕೆಂಡಿಗೆ ಒಂದು. ಕಾರ್ಡ್ 150 ಫ್ರೇಮ್ ತಯಾರಿಸಿದರೂ 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ ತೋರಿಸುವುದು 60 ಚಿತ್ರ ಮಾತ್ರ. ಉಳಿದದ್ದಕ್ಕೆ ನೀವು ಸುಮ್ನೆ ದುಡ್ಡು ಕೊಟ್ಟಿರುತ್ತೀರಿ. 60ರಿಂದ 144ಕ್ಕೆ ಹೋದರೆ ಯಾರ ಕಣ್ಣಿಗಾದರೂ ಗೊತ್ತಾಗುತ್ತದೆ. 144ರಿಂದ 240ಕ್ಕೆ ಹೋದಾಗ ಸ್ಪರ್ಧೆಗೆ ಆಡುವವರಿಗೆ ಗೊತ್ತಾಗಬಹುದು, ಉಳಿದವರಿಗೆ ಅಷ್ಟಾಗಿ ಇಲ್ಲ.

ವಾಲರಂಟ್, ಕೌಂಟರ್ ಸ್ಟ್ರೈಕ್ 2 ತರಹದ ಆಟಗಳನ್ನೇ ಜಾಸ್ತಿ ಆಡುವವರಿಗೆ 24 ಇಂಚಿನ 1080ಪಿ, 144 ಹರ್ಟ್ಜ್ ಅಥವಾ ಮೇಲಿನದು ಸಾಕು. ಕಥೆಯಿರುವ ದೊಡ್ಡ ಆಟಗಳನ್ನು ನಿಧಾನವಾಗಿ, ಸುತ್ತಲಿನ ಊರು ಕಾಡು ನೋಡುತ್ತಾ ಆಡುವವರಿಗೆ 27 ಇಂಚಿನ 1440ಪಿ ನಿಜವಾಗಿಯೂ ಬೇರೆ ಅನುಭವ. 27 ಇಂಚಿನಲ್ಲಿ 1080ಪಿ ಮಾತ್ರ ಬೇಡ. ಹತ್ತಿರ ಕೂತರೆ ಅಕ್ಷರಗಳ ಅಂಚು ಒಡೆದ ಹಾಗೆ ಕಾಣುತ್ತದೆ. 4ಕೆ ಚೆಂದವೇ, ಆದರೆ ಅದನ್ನು ತುಂಬಿಸುವ ಕಾರ್ಡ್‌ಗೆ ಆಗುವ ಖರ್ಚು ಇಡೀ ಮಧ್ಯಮ ಬಜೆಟ್ಟನ್ನೇ ನುಂಗಿಬಿಡುತ್ತದೆ.

ಪ್ಯಾನೆಲ್, ಅಂದರೆ ಪರದೆಯ ಬಗೆಯ ವಿಷಯದಲ್ಲಿ ಐಪಿಎಸ್ ಮತ್ತು ವಿಎ ನಡುವೆ ಆಯ್ಕೆ ಬಂದರೆ ನಾನು ಐಪಿಎಸ್ ಅನ್ನುತ್ತೇನೆ. ವಿಎಯಲ್ಲಿ ಕಪ್ಪು ಬಣ್ಣ ಇನ್ನೂ ಗಾಢವಾಗಿ ಬರುತ್ತದೆ, ನಿಜ. ಆದರೆ ಅಗ್ಗದ ವಿಎಗಳಲ್ಲಿ ಕತ್ತಲ ದೃಶ್ಯ ಓಡುವಾಗ ಹಿಂದೆ ಮಸಿ ಬಳಿದ ಹಾಗೆ ಎಳೆದುಕೊಂಡು ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್: ಹೆಸರಿಗಿಂತ ಮೊದಲು ಮೆಮೊರಿ ನೋಡಿ

ನಿಮ್ಮ ದುಡ್ಡಿನ ದೊಡ್ಡ ಪಾಲು ಹೋಗಬೇಕಾದ್ದು ಇಲ್ಲಿಗೆ. ಮಾನಿಟರ್ ಬಿಟ್ಟು ಉಳಿದ ಬಜೆಟ್‌ನಲ್ಲಿ ಶೇ. 40ರಷ್ಟು ಕಾರ್ಡ್‌ಗೇ ಹೋದರೂ ಹೆಚ್ಚಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ಮಧ್ಯಮ ಬಜೆಟ್‌ನವರ ಮುಂದೆ ಈಗ ಮೂರು ಕಂಪನಿಯ ಕಾರ್ಡ್‌ಗಳಿವೆ. ಎನ್‌ವಿಡಿಯಾದಿಂದ ಆರ್‌ಟಿಎಕ್ಸ್ 5060 ಮತ್ತು 5060 ಟಿಐ. ಎಎಂಡಿಯಿಂದ ಆರ್‌ಎಕ್ಸ್ 9060 ಎಕ್ಸ್‌ಟಿ. ಇಂಟೆಲ್‌ನಿಂದ ಆರ್ಕ್ ಬಿ580. ಮೊದಲ ಮೂರೂ 2025ರಲ್ಲಿ ಬಂದವು, ಬಿ580 ಬಂದಿದ್ದು 2024ರ ಡಿಸೆಂಬರ್‌ನಲ್ಲಿ.

ಇಲ್ಲಿ ಒಂದು ಕಡೆ ಜನ ತುಂಬಾ ಮೋಸ ಹೋಗುತ್ತಾರೆ. 5060 ಟಿಐ ಅನ್ನೋದು 8 ಜಿಬಿಯಲ್ಲೂ ಇದೆ, 16 ಜಿಬಿಯಲ್ಲೂ ಇದೆ. 9060 ಎಕ್ಸ್‌ಟಿ ಕೂಡ ಹಾಗೇ. ಹೆಸರು ಒಂದೇ, ಡಬ್ಬಿಯೂ ಹೆಚ್ಚುಕಮ್ಮಿ ಒಂದೇ. ಕೊಟೇಶನ್‌ನಲ್ಲಿ ಬರೀ "5060 ಟಿಐ" ಅಂತ ಬರೆದಿದ್ದರೆ ಅದು 8 ಜಿಬಿಯದ್ದೇ ಅಂದುಕೊಳ್ಳಿ. ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿ.

8 ಜಿಬಿಗೂ 16 ಜಿಬಿಗೂ ವ್ಯತ್ಯಾಸ ಯಾಕೆ ಇಷ್ಟು ಮುಖ್ಯ? ಆಟದ ಗೋಡೆ, ಬಟ್ಟೆ, ಮುಖ, ಹುಲ್ಲು ಎಲ್ಲದರ ಚಿತ್ರವೂ ಕಾರ್ಡ್‌ನ ಮೆಮೊರಿಯಲ್ಲಿ ಕೂರಬೇಕು. ಜಾಗ ತುಂಬಿದರೆ ಉಳಿದದ್ದು ಕಂಪ್ಯೂಟರ್‌ನ ರ‍್ಯಾಮ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ಕಾರ್ಡ್‌ಗೆ ಬರುವ ದಾರಿ ಕಿರಿದು. ಅಡುಗೆ ಮಾಡುವಾಗ ಉಪ್ಪು ಬೇಕೆಂದಾಗಲೆಲ್ಲ ಪಕ್ಕದ ಮನೆಗೆ ಹೋಗಿ ತಂದ ಹಾಗೆ. ಸರಾಸರಿ ಫ್ರೇಮ್ ಲೆಕ್ಕ ಚೆನ್ನಾಗೇ ಕಾಣಬಹುದು, ಆದರೆ ಮೂಲೆ ತಿರುಗಿದಾಗ ಆಟ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಕೆಲವು ಆಟಗಳಲ್ಲಿ ಗೋಡೆಯ ಮೇಲಿನ ಚಿತ್ರ ಮಸುಕಾಗಿಯೇ ಉಳಿಯುತ್ತದೆ. 5060, 5060 ಟಿಐ, ಬಿ580 ಈ ಮೂರೂ ಆ ದಾರಿಯಲ್ಲಿ, ಅಂದರೆ ಪಿಸಿಐಇಯಲ್ಲಿ, 8 ಲೇನ್ ಮಾತ್ರ ಬಳಸುತ್ತವೆ. ಹಳೆಯ ಪಿಸಿಐಇ 3 ಬೋರ್ಡ್‌ಗೆ 8 ಜಿಬಿ ಕಾರ್ಡ್ ಹಾಕಿದಾಗ ಈ ತೊಂದರೆ ಇನ್ನೂ ಜಾಸ್ತಿ. 9060 ಎಕ್ಸ್‌ಟಿಗೆ ಪೂರ್ತಿ 16 ಲೇನ್ ಇದೆ. ಹಳೆಯ ಬೋರ್ಡ್ ಉಳಿಸಿಕೊಂಡು ಕಾರ್ಡ್ ಮಾತ್ರ ಬದಲಿಸುವವರು ಇದನ್ನು ನೆನಪಿಡಿ.

ಬಿಡುಗಡೆಯಾದಾಗ ಅಮೆರಿಕದಲ್ಲಿ 9060 ಎಕ್ಸ್‌ಟಿಯ 8 ಜಿಬಿಗೆ 299 ಡಾಲರ್, 16 ಜಿಬಿಗೆ 349 ಡಾಲರ್ ಇತ್ತು. 5060 ಟಿಐಗೆ 379 ಮತ್ತು 429. ನಮ್ಮಲ್ಲಿ ಶೇ. 18 ಜಿಎಸ್‌ಟಿ ಸೇರಿ ಬೆಲೆ ಬೇರೆಯಾಗುತ್ತದೆ, ವಾರವಾರವೂ ಬದಲಾಗುತ್ತದೆ. ಆದರೂ ಒಂದೇ ಹೆಸರಿನ ಎರಡು ಕಾರ್ಡ್‌ಗಳ ನಡುವಿನ ಅಂತರ ಎಷ್ಟಿರಬೇಕು ಅನ್ನುವ ಅಂದಾಜು ಇದರಿಂದ ಸಿಗುತ್ತದೆ. ಅಷ್ಟು ಅಂತರಕ್ಕೆ 16 ಜಿಬಿಯೇ ಕೊಳ್ಳಿ ಅನ್ನುವುದು ನನ್ನ ಮಾತು. ಐ7 ಬಿಟ್ಟು ಐ5ಗೆ ಇಳಿದರೆ ಆ ದುಡ್ಡು ತಾನಾಗೇ ಸಿಗುತ್ತದೆ.

ಹಾಗಾದರೆ ಯಾರಿಗೆ ಯಾವುದು? 1080ಪಿಯಲ್ಲಿ ವಾಲರಂಟ್, ಕೌಂಟರ್ ಸ್ಟ್ರೈಕ್, ಜಿಟಿಎ 5 ಆಡುವವರಿಗೆ 8 ಜಿಬಿ ಕಾರ್ಡ್ ಈಗಲೂ ನಡೆಯುತ್ತದೆ. ಆರ್‌ಟಿಎಕ್ಸ್ 4060 ಇನ್ನೂ ಹೊಸದಾಗಿ ಸಿಕ್ಕರೆ ಅದೂ ಒಳ್ಳೆಯದೇ, ಬರೀ 115 ವ್ಯಾಟ್‌ನಲ್ಲಿ ಓಡುತ್ತದೆ. 1440ಪಿ ಮಾನಿಟರ್ ಕೊಂಡವರಿಗೆ 9060 ಎಕ್ಸ್‌ಟಿ 16 ಜಿಬಿ. ಬರೀ ಆಟಕ್ಕಾದರೆ ಇದೇ ನನ್ನ ಮೊದಲ ಆಯ್ಕೆ. ಆಟದ ಜೊತೆಗೆ ಬ್ಲೆಂಡರ್, ವಿಡಿಯೋ ಎಡಿಟಿಂಗ್, ಕಾಲೇಜಿನ ಎಐ ಪ್ರಾಜೆಕ್ಟ್ ಇದ್ದರೆ 5060 ಟಿಐ 16 ಜಿಬಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆ ಕೆಲಸಗಳ ಸಾಫ್ಟ್‌ವೇರ್‌ಗಳು ಎನ್‌ವಿಡಿಯಾದ ಕುಡಾ (CUDA) ಅನ್ನುವ ತಂತ್ರಜ್ಞಾನದ ಮೇಲೆ ನಿಂತಿರುವುದೇ ಜಾಸ್ತಿ. ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಬೆಲೆಯೂ ಕಡಿಮೆ. ಆದರೆ ಅದಕ್ಕೆ ಬಯಾಸ್‌ನಲ್ಲಿ (ಬೋರ್ಡ್‌ನ ಒಳಗಿನ ಮೂಲ ಸಾಫ್ಟ್‌ವೇರ್) ರಿಸೈಜಬಲ್ ಬಾರ್ ಅನ್ನುವ ಸೆಟ್ಟಿಂಗ್ ಆನ್ ಇರಲೇಬೇಕು. ಹಳೆಯ ಪ್ರೊಸೆಸರ್ ಜೊತೆ ಅದರ ವೇಗ ಚೆನ್ನಾಗಿಯೇ ಕುಸಿಯುತ್ತದೆ. ಹೊಸ ಪ್ರೊಸೆಸರ್ ಇದ್ದರೆ ಮಾತ್ರ ಯೋಚಿಸಿ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅನ್ನುವ ಹೆಸರು ಕೇಳಿರುತ್ತೀರಿ. ಚಿಕ್ಕ ಚಿತ್ರ ತಯಾರಿಸಿ ಅದನ್ನು ಜಾಣತನದಿಂದ ಹಿಗ್ಗಿಸುವ ವಿದ್ಯೆ ಇದು. ಇಲ್ಲಿ ಎನ್‌ವಿಡಿಯಾ ಮುಂದಿದೆ, ಹೆಚ್ಚು ಆಟಗಳಲ್ಲಿ ಸಿಗುತ್ತದೆ ಕೂಡ. ಎಎಂಡಿಯ ಎಫ್‌ಎಸ್‌ಆರ್ 4 ಬಂದಮೇಲೆ ಚಿತ್ರದ ಗುಣಮಟ್ಟದ ಅಂತರ ತುಂಬಾ ಕಡಿಮೆಯಾಗಿದೆ. ಡಬ್ಬಿ ಮೇಲೆ ಬರೆಯುವ ನೂರಾರು ಫ್ರೇಮ್‌ಗಳ ಸಂಖ್ಯೆ ಮಾತ್ರ ನಂಬಬೇಡಿ. ಅದರಲ್ಲಿ ಫ್ರೇಮ್ ಜನರೇಶನ್ ಸೇರಿರುತ್ತದೆ. ಮಧ್ಯದಲ್ಲಿ ತೂರಿಸಿದ ಫ್ರೇಮ್‌ನಿಂದ ಚಿತ್ರ ನಯವಾಗಿ ಕಾಣುತ್ತದೆ, ನಿಮ್ಮ ಮೌಸ್‌ಗೆ ಆಟ ಬೇಗ ಸ್ಪಂದಿಸುವುದಿಲ್ಲ.

ಅದೇ ಕಾರ್ಡ್ ಎರಡು ಫ್ಯಾನ್‌ದೂ ಸಿಗುತ್ತದೆ, ಮೂರು ಫ್ಯಾನ್‌ದೂ ಸಿಗುತ್ತದೆ. 150 ವ್ಯಾಟ್ ಆಸುಪಾಸಿನ ಕಾರ್ಡ್‌ಗೆ ಎರಡು ಫ್ಯಾನ್ ಸಾಕು. ಮೂರನೇ ಫ್ಯಾನಿಗೆ ಕೊಡುವ ದುಡ್ಡನ್ನು ಮೇಲಿನ ಕಾರ್ಡ್‌ಗೆ ಹಾಕಿ.

ಸೆಕೆಂಡ್ ಹ್ಯಾಂಡ್? ಬಜೆಟ್ ತೀರಾ ಬಿಗಿ ಇದ್ದರೆ ತಪ್ಪಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೋ ಹಣ ಗ್ರಾಫಿಕ್ಸ್ ಕಾರ್ಡ್‌ನಿಂದ ಗಳಿಸುವ ಮೈನಿಂಗ್ ಬಿಟ್ಟಮೇಲೆ ರಾಶಿ ರಾಶಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಹಗಲು ರಾತ್ರಿ ಓಡಿದ ಕಾರ್ಡ್‌ಗಳು ಇವತ್ತಿಗೂ ಕೈ ಬದಲಾಯಿಸುತ್ತಿವೆ. ಕೊಳ್ಳುವ ಮುನ್ನ ಅವರ ಮುಂದೆಯೇ ಒಂದು ಭಾರಿ ಆಟವನ್ನು ಅರ್ಧ ಗಂಟೆ ಓಡಿಸಿ. ಬಿಸಿ ಎಷ್ಟಕ್ಕೆ ಹೋಗುತ್ತದೆ, ಫ್ಯಾನ್ ಕಿರುಗುಡುತ್ತದಾ, ಪರದೆಯಲ್ಲಿ ಚುಕ್ಕಿ ಬರುತ್ತದಾ ನೋಡಿ. ಬಿಲ್ ಮತ್ತು ಸೀರಿಯಲ್ ನಂಬರ್ ಇಲ್ಲದ ಕಾರ್ಡನ್ನು ಎಷ್ಟು ಅಗ್ಗವಾದರೂ ಬಿಡಿ.

ಪ್ರೊಸೆಸರ್: ಇವತ್ತಿನ ವೇಗವಾ, ನಾಳೆಯ ಸಾಕೆಟ್ಟಾ?

ಆಟಕ್ಕೆ ಆರು ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕದ ಘಟಕ) ಸಾಕು. ಇದು ಮನಸ್ಸಿಗೆ ಒಪ್ಪಿದರೆ ಉಳಿದ ಹೋಲಿಕೆ ಸುಲಭ. ಎಎಂಡಿಯ ರೈಜೆನ್ 5 5600, ಇಂಟೆಲ್‌ನ ಐ5 12400ಎಫ್, ಎಎಂಡಿಯದ್ದೇ ರೈಜೆನ್ 5 7600, ಮೂರಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಬೇರೆಯಾಗುವುದು ಅವು ಕೂರುವ ಬೋರ್ಡ್, ಅದರಲ್ಲಿರುವ ಸಾಕೆಟ್.

5600 ಎಎಂ4 ಬೋರ್ಡ್‌ನದ್ದು, ಡಿಡಿಆರ್4 ರ‍್ಯಾಮ್ ಬಳಸುತ್ತದೆ. ಎಲ್ಲಕ್ಕಿಂತ ಅಗ್ಗದ ದಾರಿ ಇದೇ. ಆದರೆ ಮುಂದೆ ದಾರಿ ಇಲ್ಲ. 12400ಎಫ್ ಕೂರುವುದು ಇಂಟೆಲ್‌ನ ಎಲ್‌ಜಿಎ 1700ರಲ್ಲಿ. ಬೋರ್ಡ್ ನೋಡಿಕೊಂಡು ಡಿಡಿಆರ್4 ಅಥವಾ ಡಿಡಿಆರ್5 ಹಾಕಬಹುದು. 14ನೇ ಜನರೇಶನ್‌ಗೆ ಆ ಸಾಕೆಟ್ ಕೂಡ ಮುಗಿದಿದೆ. 7600 ಎಎಂ5ರದ್ದು, ಡಿಡಿಆರ್5 ಮಾತ್ರ. ಎಎಂ5 ಬಂದಿದ್ದು 2022ರಲ್ಲಿ. 2027 ಮತ್ತು ಆಮೇಲೂ ಬೆಂಬಲ ಇರುತ್ತದೆ ಅಂತ ಎಎಂಡಿಯೇ ಹೇಳಿದೆ.

ಈ ಬೆಂಬಲಕ್ಕೆ ಬೆಲೆ ಇದೆ ಅಂತ ನಾನು ಹೇಳುವುದು ಎಎಂ4ರ ಕಥೆ ನೋಡಿಯೇ. 2017ರಲ್ಲಿ ಮೊದಲ ರೈಜೆನ್ ಜೊತೆ ಆ ಬೋರ್ಡ್ ಕೊಂಡ ಎಷ್ಟೋ ಜನ 2022ರಲ್ಲಿ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ನಲ್ಲಿ 5800ಎಕ್ಸ್3ಡಿ ಕೂರಿಸಿದರು. ಐದು ವರ್ಷದ ಹಳೆಯ ಬೋರ್ಡ್‌ನಲ್ಲಿ ಆವತ್ತಿನ ಅತ್ಯುತ್ತಮ ಗೇಮಿಂಗ್ ಪ್ರೊಸೆಸರ್‌ಗಳಲ್ಲಿ ಒಂದು! ಹಾಗಾಗಿ ಬಜೆಟ್ ಒಪ್ಪಿದರೆ 7600, ಇಲ್ಲದಿದ್ದರೆ 5600. 12400ಎಫ್ ಒಳ್ಳೆಯ ಪ್ರೊಸೆಸರ್ರೇ, ಆದರೆ ಎರಡರ ಮಧ್ಯೆ ಸಿಕ್ಕಿಕೊಂಡಿದೆ. ಒಳ್ಳೆ ರೇಟ್‌ಗೆ ಸಿಕ್ಕರೆ ಮಾತ್ರ ತಗೊಳ್ಳಿ.

ಇಂಟೆಲ್‌ನ 13 ಮತ್ತು 14ನೇ ಜನರೇಶನ್‌ನ ದೊಡ್ಡ ಪ್ರೊಸೆಸರ್‌ಗಳಲ್ಲಿ ಹೆಚ್ಚು ವೋಲ್ಟೇಜ್‌ನಿಂದ ಪ್ರೊಸೆಸರ್ ಕ್ರಮೇಣ ಹಾಳಾಗುವ ಸಮಸ್ಯೆ ಇತ್ತು. 2024ರಲ್ಲಿ ಕಂಪನಿಯೇ ಅದನ್ನು ಒಪ್ಪಿಕೊಂಡು ಬಯಾಸ್ ಮೂಲಕ ಸರಿಪಡಿಸಿತು, ಡಬ್ಬಿಯಲ್ಲಿ ಮಾರುವ ಪ್ರೊಸೆಸರ್‌ಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅವನ್ನು ಕೊಳ್ಳುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಹೊಸ ಬಯಾಸ್ ಹಾಕದೆ ಒಂದು ದಿನವೂ ಓಡಿಸಬೇಡಿ.

ಎಕ್ಸ್3ಡಿ ಅಂತ ಕೊನೆಗೊಳ್ಳುವ ರೈಜೆನ್‌ಗಳಲ್ಲಿ ಹೆಚ್ಚುವರಿ ಕ್ಯಾಶ್ (ಪ್ರೊಸೆಸರ್ ಒಳಗಿನ ಅತಿವೇಗದ) ಮೆಮೊರಿ ಜೋಡಿಸಿರುತ್ತಾರೆ. 7800ಎಕ್ಸ್3ಡಿಯಲ್ಲಿ ಎಲ್3 ಕ್ಯಾಶ್ 96 ಎಂಬಿ, 7600ರಲ್ಲಿ 32 ಎಂಬಿ. 1080ಪಿಯಲ್ಲಿ 240 ಹರ್ಟ್ಜ್ ಆಡುವವರಿಗೆ, ದೊಡ್ಡ ಸಿಮ್ಯುಲೇಶನ್ ಆಟಗಳವರಿಗೆ ಅದು ಚಿನ್ನ. 1440ಪಿಯಲ್ಲಿ ಮಧ್ಯಮ ಕಾರ್ಡ್ ಇಟ್ಟುಕೊಂಡವರಿಗೆ ಆ ದುಡ್ಡು ಕಾರ್ಡ್‌ಗೆ ಹೋದರೇ ಲಾಭ.

ಹೆಸರಿನ ಕೊನೆಯ ಅಕ್ಷರ ಗಮನಿಸಿ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. 5600ರಲ್ಲೂ ಇಲ್ಲ. 7600ರಲ್ಲಿ ಸಣ್ಣದೊಂದು ಇದೆ. ಆಟಕ್ಕೆ ಆಗುವುದಿಲ್ಲ, ಆದರೆ ಕಾರ್ಡ್ ವಾರಂಟಿಗೆ ಹೋದಾಗ ಕಂಪ್ಯೂಟರ್ ಆನ್ ಆಗುತ್ತದೆ. ಒಂದು ತಿಂಗಳು ಸರ್ವಿಸ್ ಸೆಂಟರ್ ಕಾದವರಿಗೆ ಅದರ ಬೆಲೆ ಗೊತ್ತು.

ಬೋರ್ಡ್‌ಗೆ ಜಾಸ್ತಿ ಸುರಿಯಬೇಡಿ. ಎಎಂ5ಗೆ ಬಿ650 ಸಾಲಿನದ್ದು, ನಾಲ್ಕು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್, ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಆಯಿತು. ಈ ಬಟನ್ ಇದ್ದರೆ ಪ್ರೊಸೆಸರ್ ಹಾಕದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಬದಲಿಸಬಹುದು.

ರ‍್ಯಾಮ್, ಎಸ್‌ಎಸ್‌ಡಿ

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಮೇಲೆ ಮೇಲೆ ಹೋಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಕೊಳ್ಳುತ್ತಿರುವ ಪರಿಣಾಮ ಇದು. ಡಿಡಿಆರ್5 ಅಷ್ಟೇ ಅಲ್ಲ, ಡಿಡಿಆರ್4 ಕೂಡ ಏರಿದೆ. ಹಾಸನದ ಆ ತಮ್ಮ ಅದಕ್ಕೂ ಮುಂಚೆ ಕೊಂಡಿದ್ದರಿಂದ 32 ಜಿಬಿ ಹಾಕಿಸಿದ. ಈಗ ಕೊಳ್ಳುವವರು 16 ಜಿಬಿಯಲ್ಲಿ ಶುರು ಮಾಡಿದರೂ ಆಟ ನಡೆಯುತ್ತದೆ. ಆದರೆ 8ರ ಎರಡು ಕಡ್ಡಿ ಹಾಕಿಸಿ, 16ರ ಒಂದೇ ಕಡ್ಡಿ ಬೇಡ. ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಫ್ರೇಮ್ ಬೀಳುವುದು ಕಡಿಮೆಯಾಗುತ್ತದೆ. ಎಎಂ5ಗೆ ಡಿಡಿಆರ್5 6000, ಸಿಎಲ್30 ಸರಿಯಾದ ಜೋಡಿ. 6000 ಅನ್ನುವುದು ವೇಗ, ಸಿಎಲ್ ಅನ್ನುವುದು ತಡ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಸಿಎಲ್36 ಅಗ್ಗವಾಗಿ ಸಿಕ್ಕರೂ ಬೇಜಾರಿಲ್ಲ. ಮನೆಯಲ್ಲಿ ಈಗಾಗಲೇ ಡಿಡಿಆರ್4 ಕಡ್ಡಿಗಳು ಇದ್ದರೆ ಎಎಂ4 ಕಡೆ ತಕ್ಕಡಿ ಜೋರಾಗಿ ವಾಲುತ್ತದೆ. ಈ ಬೆಲೆಯಲ್ಲಿ ಅದು ದೊಡ್ಡ ಉಳಿತಾಯ.

ಎಸ್‌ಎಸ್‌ಡಿ ವಿಷಯ ಚಿಕ್ಕದು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಜೆನ್3 ಎನ್‌ವಿಎಂಇ 3,500ರವರೆಗೆ, ಜೆನ್4 ಏಳು ಸಾವಿರದವರೆಗೆ. ಹಾರ್ಡ್ ಡಿಸ್ಕ್‌ನಿಂದ ಇವುಗಳಿಗೆ ಬಂದರೆ ಭೂಮಿ ಆಕಾಶದ ವ್ಯತ್ಯಾಸ, ಇವುಗಳ ಒಳಗೊಳಗೆ ಆಟ ತೆರೆಯುವ ಸಮಯದಲ್ಲಿ ಅಂಥ ವ್ಯತ್ಯಾಸವಿಲ್ಲ. 1 ಟಿಬಿ ಜೆನ್4, ಟಿಎಲ್‌ಸಿ ಮೆಮೊರಿಯದ್ದು ಕೊಳ್ಳಿ. ಜೆನ್5 ಬೇಡ.

ಎಸ್‌ಎಂಪಿಎಸ್: ಇಲ್ಲಿ ಉಳಿಸಬೇಡಿ

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮೊದಲ ಪಿಸಿಗೆ ಅಂಗಡಿಯವರು ಕ್ಯಾಬಿನೆಟ್ ಜೊತೆಗೇ ಒಂದು ಎಸ್‌ಎಂಪಿಎಸ್ ಕೊಟ್ಟಿದ್ದರು. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಇತ್ತು. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಎರಡನೇ ಸಲ ಪಟ್ ಅಂತ ಸದ್ದು, ಸುಟ್ಟ ವಾಸನೆ. ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಹೋಯಿತು, ಅದರಲ್ಲಿದ್ದ ಅಕ್ಕನ ಮದುವೆ ಫೋಟೋಗಳೂ ಹೋದವು. ಆಮೇಲೆ ಆ ಡಬ್ಬಿಯ ಪಕ್ಕದ ಸ್ಟಿಕ್ಕರ್ ಓದಿದೆ. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಅಂತ ಇತ್ತು. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ ಸಾಲಿನಿಂದಲೇ.

ಹಾಗಾಗಿ ಅಂಗಡಿಯಲ್ಲಿ ನಿಂತೇ ಆ ಸ್ಟಿಕ್ಕರ್ ಓದಿ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಸಾಲು 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಕೈಯಲ್ಲಿ ಎತ್ತಿ ನೋಡಿದರೂ ಗೊತ್ತಾಗುತ್ತದೆ. ಲೋಕಲ್ ಮಾಲು ಖಾಲಿ ತಗಡಿನ ಡಬ್ಬಿಯ ಹಾಗೆ ಹಗುರ.

ಎಷ್ಟು ವ್ಯಾಟ್ ಬೇಕು? 9060 ಎಕ್ಸ್‌ಟಿ 16 ಜಿಬಿಗೆ 160, 7600 ಪ್ರೊಸೆಸರ್‌ಗೆ ಹೆಚ್ಚೆಂದರೆ 90, ಉಳಿದದ್ದಕ್ಕೆ 50. ಒಟ್ಟು 300. ಇದಕ್ಕೆ 550 ಧಾರಾಳ. ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆಯಿದ್ದರೆ 650. "850 ಹಾಕಿಸಿ ಸರ್, ಸೇಫ್" ಅಂದರೆ ಬೇಡ ಅನ್ನಿ. ಲೋಕಲ್ 850ಕ್ಕಿಂತ ಒಳ್ಳೆಯ ಕಂಪನಿಯ 550 ಸಾವಿರ ಪಾಲು ಮೇಲು.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಹೇಳುತ್ತದೆ, ಬೋರ್ಡನ್ನು ಎಷ್ಟು ಕಾಪಾಡುತ್ತದೆ ಅನ್ನುವುದನ್ನು ಅಲ್ಲ. ಬ್ರಾಂಜ್ ಸಾಕು. ಜೊತೆಗೆ ವಾರಂಟಿ ನೋಡಿ. ಐದು ವರ್ಷ ಅಥವಾ ಮೇಲೆ ಕೊಡುವ ಕಂಪನಿ ಒಳಗೆ ಕಸ ತುಂಬಿರುವುದಿಲ್ಲ.

ಮನೆಯ ಅರ್ಥಿಂಗ್ ಪರೀಕ್ಷಿಸಿ. ಕ್ಯಾಬಿನೆಟ್ ಮುಟ್ಟಿದರೆ ಬೆರಳ ತುದಿಗೆ ಜುಮ್ ಅನ್ನುತ್ತದಾ? ಹಾಗಾದರೆ ಮೊದಲು ಎಲೆಕ್ಟ್ರೀಷಿಯನ್ ಕರೆಸಿ, ಆಮೇಲೆ ಪಿಸಿ. ಯುಪಿಎಸ್ ಕೊಳ್ಳುವುದಾದರೆ ಮಾಮೂಲಿ 600 ವಿಎಯದ್ದು ಕೊಡುವುದು 360 ವ್ಯಾಟ್ ಆಸುಪಾಸು. ಆಟದ ಮಧ್ಯೆ ಮಾನಿಟರ್ ಸೇರಿ ಅದು ಏದುಸಿರು ಬಿಡುತ್ತದೆ. 1000 ವಿಎ ಮೇಲಿನದು ನೋಡಿ. ಕೆಲವು ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಒರಟು ಅಲೆಗೆ ಆಫ್ ಆಗುತ್ತವೆ, ಪ್ಯೂರ್ ಸೈನ್ ವೇವ್ ಆದರೆ ಆ ತಲೆನೋವಿಲ್ಲ.

ಇನ್ನೊಂದು ಲೆಕ್ಕ. 300 ವ್ಯಾಟ್ ಯಂತ್ರ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಯಾದರೆ ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿ. ಈಗಾಗಲೇ 180 ಯೂನಿಟ್ ಸುಡುವ ಮನೆ 200 ದಾಟುತ್ತದೆ, ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು.

ಕ್ಯಾಬಿನೆಟ್, ಕೂಲರ್

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನೆನಪಾಗುವುದು ಇಲ್ಲಿ. ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್‌ಗೆ ಗಾಳಿ ಎಲ್ಲಿಂದ ಬರಬೇಕು? ಮುಂದೆ ಜಾಲರಿ, ಕಳಚಿ ತೊಳೆಯಬಹುದಾದ ಧೂಳಿನ ಫಿಲ್ಟರ್, ಮುಂದೆ ಎರಡು ಹಿಂದೆ ಒಂದು ಫ್ಯಾನ್ ಇದ್ದರೆ ಮುಗಿಯಿತು. ಕಾರ್ಡ್‌ನ ಉದ್ದ ಅಳತೆಗೆ ಹಿಡಿಸುತ್ತದಾ ನೋಡಿಕೊಳ್ಳಿ. 5600 ಮತ್ತು 7600 ಜೊತೆ ಡಬ್ಬಿಯಲ್ಲೇ ಬರುವ ಕೂಲರ್ ಕೆಲಸ ಮಾಡುತ್ತದೆ, ಸ್ವಲ್ಪ ಸದ್ದು ಜಾಸ್ತಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆಡುವವರು 120 ಎಂಎಂ ಫ್ಯಾನಿನ ಟವರ್ ಕೂಲರ್ ಹಾಕಿಸಿ. ಈ ಮಟ್ಟದ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ಬೇಕಿಲ್ಲ.

ಎಲ್ಲಿ ಕೊಳ್ಳಬೇಕು, ಹೇಗೆ ಜೋಡಿಸಬೇಕು

ಆನ್‌ಲೈನ್ ಬೆಲೆ ಮೊಬೈಲಿನಲ್ಲಿ ತೆರೆದಿಟ್ಟುಕೊಂಡೇ ಎಸ್‌ಪಿ ರೋಡಿಗೆ ಹೋಗಿ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು, ಗಾಡಿ ನಿಲ್ಲಿಸಲು ಜಾಗ ಹುಡುಕುವ ಕಷ್ಟ ತಪ್ಪುತ್ತದೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಎಲ್ಲ ಭಾಗ ಒಂದೇ ಕಡೆ ಕೊಂಡರೆ ಒಟ್ಟು ರೇಟ್ ಇಳಿಸುತ್ತಾರೆ, ಜೋಡಿಸಿಯೂ ಕೊಡುತ್ತಾರೆ. ಬೇರೆ ಬೇರೆ ಕಡೆ ಕೊಂಡರೆ ಒಂದೊಂದು ಭಾಗ ಅಗ್ಗ, ಆದರೆ ಆನ್ ಆಗದಿದ್ದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮೊದಲ ಸಲ ಕಟ್ಟುವವರು ಒಂದೇ ಕಡೆ ಕೊಳ್ಳಿ.

"ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಅಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಡಬ್ಬಿ ಮೇಲಿನ ನಂಬರೂ ಕಾರ್ಡ್ ಮೇಲಿನ ನಂಬರೂ ಒಂದೇನಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಊರಿಗೆ ಹೋದಮೇಲೆ ವಾರಂಟಿಗೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ.

ಮನೆಯಲ್ಲೇ ಜೋಡಿಸುವುದಾದರೆ ಒಂದು ಸಂಜೆಯ ಕೆಲಸ. ಎಎಂ5 ಬೋರ್ಡ್‌ನಲ್ಲಿ ಕೂದಲಿನಷ್ಟು ತೆಳುವಾದ ಪಿನ್‌ಗಳು ಸಾಕೆಟ್ ಒಳಗೇ ಇರುತ್ತವೆ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ತ್ರಿಕೋನ ಗುರುತು ಹೊಂದಿಸಿ, ಒತ್ತದೆ ಸುಮ್ನೆ ಇಳಿಸಿ. ಒಂದು ಪಿನ್ ಬಾಗಿದರೂ ವಾರಂಟಿ ಕೊಡುವುದಿಲ್ಲ. ಎಎಂ4ರಲ್ಲಿ ಪಿನ್ ಪ್ರೊಸೆಸರ್‌ನಲ್ಲೇ ಇರುತ್ತದೆ. ಹಳೆಯ ಕೂಲರ್ ತೆಗೆಯುವಾಗ ಮೊದಲು ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ, ಆಮೇಲೆ ಕೂಲರನ್ನು ಅತ್ತಿತ್ತ ತಿರುಗಿಸಿ ಎತ್ತಿ. ನೇರ ಎಳೆದರೆ ಪ್ರೊಸೆಸರ್ ಕೂಡ ಅಂಟಿಕೊಂಡು ಕಿತ್ತು ಬರುತ್ತದೆ.

ರ‍್ಯಾಮ್ ಕಡ್ಡಿ ಎರಡಿದ್ದರೆ ಪ್ರೊಸೆಸರ್‌ನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಎಎಂ5ರಲ್ಲಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮ್ ಪರೀಕ್ಷಿಸುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಿ. ಮಾಡದಿದ್ದರೆ 6000ರ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ವಿಂಡೋಸ್ 11ರಲ್ಲಿ ವಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೆಟ್ಟಿಂಗ್ ಬೇಕು. ಅವೂ ಆನ್ ಇವೆಯಾ ಅಲ್ಲೇ ನೋಡಿಬಿಡಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಚುಚ್ಚಿ, ಬೋರ್ಡ್‌ಗೆ ಅಲ್ಲ.

ತಮ್ಮ ಕೊನೆಗೆ ಕೊಂಡಿದ್ದು 7600, 9060 ಎಕ್ಸ್‌ಟಿ 16 ಜಿಬಿ, 27 ಇಂಚಿನ 1440ಪಿ ಮಾನಿಟರ್. ಬಜೆಟ್ ಸ್ವಲ್ಪ ಮೀರಿತು. ಎರಡು ವಾರ ಬಿಟ್ಟು ಹಾಸನದಿಂದ ಫೋನ್ ಮಾಡಿದ. "ಅಣ್ಣಾ, ಎಲ್ಲ ಚೆನ್ನಾಗಿದೆ. ಆದ್ರೆ ನೀನು ಹೇಳಿದಷ್ಟು ನಯವಾಗೇನೂ ಕಾಣ್ತಿಲ್ಲ." ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ರಿಫ್ರೆಶ್ ರೇಟ್ ಎಷ್ಟಿದೆ ಓದು ಅಂದೆ. 60 ಅಂದ. ವಿಂಡೋಸ್ ಮೊದಲ ದಿನದಿಂದ ಅಲ್ಲೇ ನಿಂತಿತ್ತು. 180ಕ್ಕೆ ಬದಲಿಸು ಅಂದೆ. ಆಟ ಇನ್ನೂ ತೆರೆದಿರಲಿಲ್ಲ, ಮೌಸ್ ಬಾಣ ಅತ್ತಿತ್ತ ಓಡಾಡಿಸಿದನಷ್ಟೇ. "ಅಯ್ಯೋ ಅಣ್ಣಾ, ಇದು ಬೇರೆನೇ ಇದೆ!" ಅಂದು ಫೋನ್ ಇಟ್ಟೇಬಿಟ್ಟ.